ಇಪ್ಪತ್ತಾರನೇ ಕಂತು

"ಮೇಡಂ, ನಿಮ್ಮ ಹುಡುಗಿ ಗುಣ ಆದ್ಳು. ಸಂತೋಷ. ನಾನ್ ಯಾವಾಗ ಆಗ್ಲಿ?"

ಫೋನಿನಲ್ಲಿ ಬಂದ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ಹೆಸರಿಲ್ಲ. 2019ರ ಜುಲೈ, ಶಿವಮೊಗ್ಗದಲ್ಲಿ ಬಿಡದೆ ಮಳೆ. ಏಳನೇ ತರಗತಿ ಮಕ್ಕಳ ಕಿರುಪರೀಕ್ಷೆಯ ಪೇಪರು ತಿದ್ದುತ್ತಾ ಕೂತಿದ್ದೆ. ಯಾರೋ ರಾಂಗ್ ನಂಬರ್ ಅಂದುಕೊಂಡು ಇಡುವಷ್ಟರಲ್ಲಿ ಆ ಕಡೆಯಿಂದ, "ಚೈತ್ರಾ ಬರೆದೋರು ನೀವೇ ಅಲ್ರೀ?" ಅಂತ ಕೇಳಿತು. ಹೌದು ಅಂದೆ. ಆ ವಾರ ಅಷ್ಟೇ ನನ್ನ ಧಾರಾವಾಹಿಯ ಇಪ್ಪತ್ತಾರನೇ ಕಂತು, ಅಂದರೆ ಕೊನೆಯ ಕಂತು, ವಾರಪತ್ರಿಕೆಯಲ್ಲಿ ಬಂದಿತ್ತು.

ಕಥೆ ಹೇಳಿಬಿಡುತ್ತೇನೆ, ಈಗ ನಾಚಿಕೆಯೇನೂ ಉಳಿದಿಲ್ಲ. ಚೈತ್ರಾಗೆ ಇಪ್ಪತ್ತನಾಲ್ಕು ವರ್ಷ, ಎಡಗಾಲಿಗೆ ಪೋಲಿಯೊ. ಇಂಪಾಗಿ ಹಾಡುತ್ತಾಳೆ (ನಮ್ಮ ಕಥೆಗಳಲ್ಲಿ ಕಾಲಿಲ್ಲದವರಿಗೆ ಕಂಠ ಇರಲೇಬೇಕು). ಯಾರ ಮೇಲೂ ಸಿಟ್ಟು ಮಾಡುವುದಿಲ್ಲ, ಸದಾ ನಗು. ಅಮೆರಿಕದಿಂದ ಬಂದ ಇಂಜಿನಿಯರ್ ಅಭಿನವ್ ಅವಳನ್ನು ನೋಡುತ್ತಾನೆ, ಮೆಚ್ಚುತ್ತಾನೆ, ತಾಯಿಯನ್ನು ಎದುರು ಹಾಕಿಕೊಳ್ಳುತ್ತಾನೆ. ಕೊನೆಗೆ ಬೆಂಗಳೂರಿನಲ್ಲಿ ಒಂದು ಆಪರೇಷನ್. ಚೈತ್ರಾ ಕೋಲನ್ನು ಎಸೆದು ಸಪ್ತಪದಿ ತುಳಿಯುತ್ತಾಳೆ. ಮುಗಿಯಿತು. ಪತ್ರಿಕೆಯ ಕಚೇರಿಗೆ ಕಟ್ಟು ಕಟ್ಟು ಪತ್ರ ಬಂದವು. "ಕಣ್ಣೀರು ನಿಲ್ಲಲಿಲ್ಲ", "ಬದುಕಿಗೆ ಸ್ಫೂರ್ತಿ", "ಅಭಿನವ್‌ನಂಥ ದೊಡ್ಡ ಮನಸ್ಸು ಎಲ್ಲರಿಗೂ ಬರಲಿ". ಪ್ರಕಾಶಕರೊಬ್ಬರು ಪುಸ್ತಕ ಮಾಡೋಣ ಅಂತ ಮುಂಗಡದ ಮಾತೂ ಆಡಿದ್ದರು.

ಇಂಥ ನಾಯಕಿ ನನಗೆ ಹೊಳೆದದ್ದೂ ಅಲ್ಲ. ಹಿಂದಿನ ಮೂರು ಕಾದಂಬರಿಗಳಲ್ಲಿ ಅತ್ತೆ, ಆಸ್ತಿ, ಅನುಮಾನ ಎಲ್ಲ ಮುಗಿಸಿದ್ದೆ. ಸಂಪಾದಕರು, "ಈ ಸಲ ಏನಾದ್ರೂ ಸ್ಫೂರ್ತಿ ಕೊಡೋ ಥರದ್ದು ನೋಡಿ" ಅಂದಿದ್ದರು. ಸ್ಫೂರ್ತಿ ಅಂದ ಕೂಡಲೇ ನನ್ನ ತಲೆಗೆ ಬಂದದ್ದು ಒಂದು ಊನವಾದ ಕಾಲು. ಪೋಲಿಯೊ ಆದವರಲ್ಲಿ ನನಗೆ ಗೊತ್ತಿದ್ದದ್ದು ಹೈಸ್ಕೂಲಿನ ಒಬ್ಬ ಸಹಪಾಠಿ ಮಾತ್ರ. ಪಿ.ಟಿ. ಪೀರಿಯಡ್ಡಿನಲ್ಲಿ ಬ್ಯಾಗು, ಟಿಫಿನ್ ಡಬ್ಬಿ ಕಾಯಲು ಅವಳನ್ನು ಕ್ಲಾಸಿನಲ್ಲಿ ಕೂರಿಸಿ ನಾವೆಲ್ಲ ಮೈದಾನಕ್ಕೆ ಓಡುತ್ತಿದ್ದೆವು. ಅವಳು ಹಾಡುತ್ತಿದ್ದಳೋ ಇಲ್ಲವೋ ಕೇಳಿದ ನೆನಪಿಲ್ಲ.

ಫೋನು ಮಾಡಿದವರ ಹೆಸರು ಇಲ್ಲಿ ಮಂಜಕ್ಕ ಅಂತಿರಲಿ. ದಾವಣಗೆರೆಯಲ್ಲಿ ಟೈಲರಿಂಗ್ ಅಂಗಡಿ. ಅರ್ಧ ಗಂಟೆ ಮಾತಾಡಿದರು, ನಾನು ಹೂಂಗುಟ್ಟಿದೆ. ಕೊನೆಗೆ, "ಬೇಜಾರ್ ಮಾಡ್ಕಬ್ಯಾಡ್ರಿ, ಒಂದ್ಸಲ ಬರ್ರಿ ನಮ್ಮೂರಿಗೆ. ಬ್ಲೌಸ್ ಪೀಸ್ ಇದ್ರೆ ತಗಂಡ್ ಬರ್ರಿ" ಅಂದರು. ಬೇಜಾರಾಗಿತ್ತು. ಇಪ್ಪತ್ತಾರು ವಾರ ಒಂದೂ ಕಂತು ತಪ್ಪಿಸದೆ ಬರೆದಿದ್ದೇನೆ, ಊರೆಲ್ಲ ಅತ್ತಿದೆ, ಇವರದ್ದೇನು ಅಂತ. ಆದರೂ ಮುಂದಿನ ಭಾನುವಾರ ಎರಡು ಬ್ಲೌಸ್ ಪೀಸ್ ಚೀಲಕ್ಕೆ ಹಾಕಿಕೊಂಡು ಹೊನ್ನಾಳಿ ದಾರಿಯ ಬಸ್ಸು ಹತ್ತಿದೆ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಮೆಟ್ಟಿಲು, ಪಕ್ಕಕ್ಕೆ ಹಿಡಿದುಕೊಳ್ಳಲು ಕಬ್ಬಿಣದ ಪೈಪು. ಬಾಗಿಲಲ್ಲೇ ನಿಂತಿದ್ದರು. "ಬರ್ರಿ ಮೇಡಂ, ಚಪ್ಲಿ ಅಲ್ಲೇ ಬಿಡ್ರಿ. ನಿಮ್ದು ಬಿಡಬಹುದು, ನಂದು ಬಿಡಂಗಿಲ್ಲ" ಅಂದು ನಕ್ಕರು. ನನಗೆ ಅರ್ಥವಾಗಲಿಲ್ಲ. ಅವರು ಕುರ್ಚಿಗೆ ಬಂದು, ಸೀರೆಯ ಮೇಲಿನಿಂದಲೇ ಮಂಡಿಯ ಹತ್ತಿರ ಕೈಯಾಡಿಸಿದರು. ಟಕ್ ಅಂತ ಸದ್ದಾಯಿತು. ಆಮೇಲೆ ಕೂತರು.

"ಲಾಕು. ಇದನ್ನ ಬಿಚ್ಚದೆ ಕೂತ್ರೆ ಕಾಲು ಬಂದೂಕಿನಂಗೆ ನಿಮ್ ಕಡೀಗೆ ನಿಂತಿರ್ತತಿ. ನಿಮ್ ಚೈತ್ರಾ ಇಪ್ಪತ್ತಾರು ವಾರ ಕೂತ್ಲು, ಎದ್ಲು. ಒಂದ್ಸಲನೂ ಟಕ್ ಅನ್ಲಿಲ್ಲ."

ಕಾಲಿಗೆ ಆಸರೆಯಾಗಿ ಕಟ್ಟಿಕೊಳ್ಳುವ ಈ ಲೋಹದ ಚೌಕಟ್ಟಿಗೆ ಕ್ಯಾಲಿಪರ್ ಅನ್ನುತ್ತಾರೆ. ನನ್ನ ಚೈತ್ರಾಗೆ ನಾನು ಅದನ್ನು ಕೊಟ್ಟೇ ಇರಲಿಲ್ಲ. ಒಂದು ನುಣುಪಾದ ಕೋಲು ಕೊಟ್ಟಿದ್ದೆ, ಎಸೆಯಲು ಅನುಕೂಲವಾಗಲಿ ಅಂತ.

ಮಂಜಕ್ಕ ತಮ್ಮ ಕ್ಯಾಲಿಪರ್ ಬಿಚ್ಚಿ ನನ್ನ ಕೈಗೇ ಕೊಟ್ಟರು. ತೊಡೆಯ ಸುತ್ತ ಬರುವ ಅಗಲ ಚರ್ಮದ ಪಟ್ಟಿ, ಎರಡು ಬದಿಗೆ ಇಳಿಯುವ ಲೋಹದ ಸರಳು, ಮಂಡಿಗೆ ಲಾಕು, ಕೆಳಗೆ ಸರಳಿನ ತುದಿಗಳು ಬೂಟಿನ ಹಿಮ್ಮಡಿಗೆ ಸಿಕ್ಕಿಕೊಂಡಿವೆ. ಎಡಗಾಲು ಗಿಡ್ಡವಾದ್ದರಿಂದ ಬೂಟಿನ ಅಟ್ಟೆ ದಪ್ಪ. ನಾನಂದುಕೊಂಡದ್ದಕ್ಕಿಂತ ಭಾರ. ಪಟ್ಟಿಯ ಒಳಬದಿ ಬೆವರು ಕುಡಿದು ಕಪ್ಪಾಗಿತ್ತು. ಮಳೆಗಾಲದಲ್ಲಿ ಚರ್ಮ ಒಣಗುವುದಿಲ್ಲವಂತೆ, ವಾಸನೆ ಹೊಡೆಯುತ್ತದಂತೆ, ತೊಡೆ ಉಜ್ಜಿ ಗಾಯವಾಗುತ್ತದಂತೆ. ಬಕಲ್ ಹೋದರೆ ಹೊಲಿದುಕೊಡುವ ಚಮ್ಮಾರರೊಬ್ಬರು ಇದ್ದಾರೆ. "ಡಾಕ್ಟರ್‌ಗಿಂತ ಅವ್ರ್ ಆರೋಗ್ಯ ಚೆನ್ನಾಗಿರ್ಲಿ ಅಂತ ಬೇಡ್ಕಂತೀನಿ ನೋಡ್ರಿ."

ಕ್ಯಾಲಿಪರ್ ನನ್ನ ತೊಡೆಯ ಮೇಲಿರುವಾಗಲೇ ಚಹಾಕ್ಕೆ ಇಡುತ್ತೇನೆ ಅಂತ ಎದ್ದರು. ನಾನು ಗಾಬರಿಯಾದೆ, ಹೇಗೆ ಹೋಗುತ್ತಾರೆ ಅಂತ. ಎಡಗೈ ಎಡತೊಡೆಯ ಮೇಲೆ ಊರಿ, ಮಂಡಿ ಮಡಚದಂತೆ ಹಿಂದಕ್ಕೆ ಒತ್ತಿ ಹಿಡಿದು, ಬಲಗಾಲು ಮುಂದಿಟ್ಟರು. ಮತ್ತೆ ಒತ್ತು, ಮತ್ತೆ ಹೆಜ್ಜೆ. ಒಂದು ಲಯ ಇತ್ತು. ಸೀರೆ ಆ ಜಾಗದಲ್ಲಿ, ಸರಿಯಾಗಿ ಒಂದು ಅಂಗೈ ಅಗಲ, ಬಣ್ಣ ಬಿಟ್ಟಿತ್ತು. ನನ್ನ ಕಣ್ಣು ಅಲ್ಲಿದ್ದದ್ದು ಅವರಿಗೆ ಗೊತ್ತಾಯಿತು. "ಎಲ್ಲಾ ಸೀರೆನೂ ಹಂಗೇ. ಅಲ್ಲಿಗೆ ಮೊದ್ಲೇ ಒಳಗಡೆಯಿಂದ ಒಂದು ತುಂಡು ಹಚ್ಚಿ ಹೊಲ್ಕಂತೀನಿ. ನೀವು ಕಾಲು ಎಳ್ಕಂಡು ಹೋದ್ಲು, ಎಳ್ಕಂಡು ಬಂದ್ಲು ಅಂತ ಬರ್ದೀರಿ. ಎಳ್ಕಂಡು ಹೋಗಾಕೆ ಇದೇನು ಅಕ್ಕಿ ಚೀಲನ?"

ಚಹಾ ಆದಮೇಲೆ ನಿಜವಾದ ವಿಚಾರಣೆ. ಕಂತುಗಳನ್ನೆಲ್ಲ ಕತ್ತರಿಸಿ ಪಿನ್ ಹಾಕಿ ಇಟ್ಟಿದ್ದರು, ಟೈಲರ್ ಚಾಕಿನಲ್ಲಿ ಅಲ್ಲಲ್ಲಿ ಗೆರೆ. ಹದಿನಾಲ್ಕನೇ ಕಂತಿನ ಒಂದು ಸಾಲನ್ನು ನನ್ನಿಂದಲೇ ಓದಿಸಿದರು: "ಸ್ಪರ್ಶವೇ ಅರಿಯದ ಆ ಕಾಲಿನ ಮೇಲೆ ಅವಳ ಕಣ್ಣೀರು ಬಿತ್ತು."

"ಚಿವುಟ್ರಿ."

"ಏನು?"

"ಕಾಲು ಚಿವುಟ್ರಿ ಅಂದೆ. ಜೋರಾಗಿ."

ನಾನು ಚಿವುಟಲಿಲ್ಲ. ಅವರೇ ಚಿವುಟಿಕೊಂಡು "ಹಾ!" ಅಂದರು. ಆ ಕ್ಷಣಕ್ಕೆ ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಪೋಲಿಯೊ ವೈರಸ್ಸು ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ಮುಟ್ಟಿದ್ದು, ಬಿಸಿ, ತಂಪು, ನೋವು ತಿಳಿಸುವ ನರಗಳನ್ನು ಮುಟ್ಟುವುದಿಲ್ಲ. ಸತ್ತ ಕೋಶ ಮರಳಿ ಹುಟ್ಟುವುದಿಲ್ಲ. ಆಪರೇಷನ್ ಮಾಡಿ ಸೊಟ್ಟಗಾದ ಪಾದವನ್ನು ನೇರ ಮಾಡಬಹುದು, ಬಿಗಿದ ಸ್ನಾಯು ಸಡಿಲಿಸಬಹುದು. ಮಂಜಕ್ಕನಿಗೇ ಚಿಕ್ಕಂದಿನಲ್ಲಿ ಮೂರು ಆಗಿವೆ. ಕೋಲು ಎಸೆಯುವ ಆಪರೇಷನ್ ಇರುವುದು ನನ್ನ ಇಪ್ಪತ್ತಾರನೇ ಕಂತಿನಲ್ಲಿ ಮಾತ್ರ. ಇದನ್ನೆಲ್ಲ ತಿಳಿಯಲು ಯಾವ ಡಾಕ್ಟರ ಹತ್ತಿರವೂ ಹೋಗಬೇಕಿರಲಿಲ್ಲ, ಆ ಬ್ಯಾಗು ಕಾಯುತ್ತಿದ್ದ ಗೆಳತಿಯನ್ನು ಒಮ್ಮೆ ಕೇಳಿದ್ದರೆ ಸಾಕಿತ್ತು.

"ನಿಮ್ ಅಭಿನವ್ ಇಪ್ಪತ್ತಾರು ವಾರದಾಗೆ ಆ ಕಾಲನ್ನ ಒಂದ್ಸಲನೂ ಮುಟ್ಲಿಲ್ಲ," ಅಂದರು ಮಂಜಕ್ಕ, ಈ ಸಲ ನಗದೆ. "ಕಣ್ಣು ಹೊಗಳ್ದ, ಕಂಠ ಹೊಗಳ್ದ, ಮನಸ್ಸು ಹೊಗಳ್ದ. ಗುಣ ಆದ್ಮೇಲೆ ಕಾಲುಂಗುರ ತೊಡಿಸ್ದ. ಅಲ್ಲಿಗಂಟ ಕಾಲು ಅವ್ನ ಲೆಕ್ಕಕ್ಕೇ ಇಲ್ಲ."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಗಾಂಧಾರಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡದ್ದನ್ನು ಪಾತಿವ್ರತ್ಯ ಅಂತ ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಅದನ್ನು ಕೇಳಿ ಧೃತರಾಷ್ಟ್ರನಿಗೆ ಏನನ್ನಿಸಿತು ಅಂತ ಒಂದು ಮಗುವೂ ಕೇಳಿಲ್ಲ, ನನಗೂ ತೋಚಿಲ್ಲ.

ಅಷ್ಟರಲ್ಲಿ ಮಂಜಕ್ಕನ ಯಜಮಾನರು ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದರು. ಲಗೇಜ್ ಆಟೊ ಓಡಿಸುವವರು. ಕಾದಂಬರಿ ಓದುವವರಲ್ಲ, ಆದರೆ ಕಥೆ ಪೂರ್ತಿ ಗೊತ್ತು, ವಾರವಾರ ಹೆಂಡತಿಯ ಬೈಗುಳದಲ್ಲಿ ಕೇಳಿದ್ದಾರೆ. ನಾನು ಸುಮ್ಮನಿರಲಾರದೆ, ನಿಮ್ಮನ್ನೂ ಜನ ದೊಡ್ಡ ಮನಸ್ಸಿನವರು ಅಂತಾರಾ ಅಂತ ಕೇಳಿದೆ.

"ಅಂತಾರಲ್ರೀ, ಇಪ್ಪತ್ತೆರಡು ವರ್ಷ ಆತು. ಅವತ್ತು ನನಗೆ ಕೆಲ್ಸ ಇರ್ಲಿಲ್ಲ, ಇಕಿಗೆ ಎರಡು ಮಷಿನ್ ಇತ್ತು. ದೊಡ್ಡ ಮನಸ್ಸು ಯಾರ್ದು, ನೀವೇ ಹೇಳ್ರಿ."

ಮಂಜಕ್ಕ ಮೆಣಸಿನಕಾಯಿ ಮುರಿಯುತ್ತಾ, "ಈಗಾದ್ರೆ ನಮ್ಮಂಥೋರನ್ನ ಮದ್ವೆ ಆದೋರಿಗೆ ಸರ್ಕಾರ 50 ಸಾವಿರ ಪ್ರೋತ್ಸಾಹಧನ ಕೊಡ್ತತಿ. ಇವ್ರು ಅವಸರ ಮಾಡಿ ಲಾಸ್ ಆದ್ರು" ಅಂದರು. ಇಬ್ಬರೂ ನಕ್ಕರು. ಯೋಜನೆ ನಿಜ, ನಮ್ಮ ರಾಜ್ಯದ್ದೇ. ಪ್ರೋತ್ಸಾಹ ಅನ್ನುವ ಪದವನ್ನು ಯಾರು ಆರಿಸಿದರೋ, ಅವರೂ ನನ್ನ ಹಾಗೆ ಧಾರಾವಾಹಿ ಬರೆಯುವವರಿರಬೇಕು.

ಮದುವೆಯ ಕಥೆ ಆಗಲೇ ಹೊರಬಂದದ್ದು. ಮಂಟಪಕ್ಕೆ ಬರಿಗಾಲಲ್ಲೇ ಹೋಗಬೇಕು, ಬೂಟು ಕ್ಯಾಲಿಪರಿನ ಭಾಗ, ಹಾಗಾಗಿ ಕ್ಯಾಲಿಪರ್ ಛತ್ರದ ಬಾಗಿಲಲ್ಲಿ ಚಪ್ಪಲಿಗಳ ಜೊತೆ ಉಳಿಯಿತು. ಛತ್ರದಲ್ಲಿ ಚಪ್ಪಲಿ ಕಳುವಾಗುವುದು ಗೊತ್ತಿದ್ದದ್ದೇ. ಚಪ್ಪಲಿ ಹೋದರೆ ಬೇರೆ ಕೊಳ್ಳಬಹುದು, ಇದು ಹೋದರೆ? ಹದಿನಾಲ್ಕು ವರ್ಷದ ತಮ್ಮನನ್ನು ಕಾವಲಿಗೆ ಕೂರಿಸಿದರು. ಅವನು ಅಕ್ಕನ ಧಾರೆ ನೋಡಲೇ ಇಲ್ಲ. ಒಳಗೆ ಮಂಜಕ್ಕ ಬಲಗೈ ಗಂಡನ ಕೈಲಿಟ್ಟು, ಎಡಗೈ ತೊಡೆಗೆ ಊರಿ, ಏಳು ಹೆಜ್ಜೆ ಇಟ್ಟರು. "ಹೊಸ ರೇಷ್ಮೆ ಸೀರೆ, ಮೊದ್ಲನೇ ದಿನಾನೇ ಅಲ್ಲಿ ಮುದ್ದೆ ಆತು. ಇವ್ರು ಮೆಲ್ಲಗೆ, ನಿಧಾನ ನಡಿ, ಭಟ್ರಿಗೆ ಏನ್ ಅವಸರ ಅಂದ್ರು. ನನಗೆ ಮದ್ವೇಲಿ ನೆನಪಿರೋದು ಅದೊಂದೇ ಮಾತು."

ಸಂಜೆ ಬಸ್ಸಿಗೆ ಹೊರಡುವ ಮುಂಚೆ, ಯಜಮಾನರು ಆಟೊ ತಿರುಗಿಸಲು ಹೋದಾಗ, ಮಂಜಕ್ಕ ಇನ್ನೊಂದು ಹೇಳಿದರು. ಪೋಲಿಯೊ ಕಾಲು ಯಾವಾಗಲೂ ತಣ್ಣಗಿರುತ್ತದೆ, ರಕ್ತ ಸರಿಯಾಗಿ ಓಡುವುದಿಲ್ಲ, ಡಿಸೆಂಬರಿನಲ್ಲಿ ನೀಲಿಗಟ್ಟುತ್ತದೆ. ರಾತ್ರಿ ಅದನ್ನು ಕಂಬಳಿಯೊಳಗೆ ಮೆಲ್ಲಗೆ ಗಂಡನ ಬೆನ್ನಿಗೆ ಒತ್ತುತ್ತಾರಂತೆ. "ಐಸ್ ಕ್ಯಾಂಡಿ ಬಂತಪ್ಪೋ ಅಂತ ಕೂಗ್ತಾರೆ. ಬೈತಾರೆ. ಆದ್ರೆ ಇಪ್ಪತ್ತೆರಡು ವರ್ಷದಾಗೆ ಒಂದಿನ ಅತ್ಲಾಗೆ ಸರ್ದಿಲ್ಲ." ಬರೆಯಬಹುದಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಊರ ಹೆಸ್ರು ಇರ್ಲಿ, ನಮ್ ಹೆಸ್ರು ಬ್ಯಾಡ" ಅಂದರು.

ಬಸ್ಸಿನಲ್ಲಿ ಕೂತು ಇನ್ನೊಂದು ಲೆಕ್ಕ ಹಾಕಿದೆ. ಮಂಜಕ್ಕ ಹುಟ್ಟಿದ್ದು 1972ರಲ್ಲಿ. ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ದೇಶದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದಲ್ಲಿ 2011ರ ಜನವರಿಯಲ್ಲಿ, ಮತ್ತು 2014ರ ಮಾರ್ಚಿನಲ್ಲಿ ಭಾರತ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ನಾನೇ ಬೂತಿನಲ್ಲಿ ಕೂತು ಮಕ್ಕಳ ಕಿರುಬೆರಳಿಗೆ ಶಾಯಿ ಹಚ್ಚಿದವಳು. ಕ್ಯಾಲಿಪರ್ ತೊಟ್ಟವರು ಈಗ ಬಹುಪಾಲು ನನ್ನ ವಯಸ್ಸಿನವರು. ಇಪ್ಪತ್ತನಾಲ್ಕರ ಚೈತ್ರಾ ಇರಲಾರಳು ಅಂತಲ್ಲ, ಆದರೆ ನಾನು ಅವಳನ್ನು ಅಷ್ಟು ಎಳೆಯಳಾಗಿ ಮಾಡಿದ್ದು ನಾಯಕಿ ಎಳೆಯಳಾಗಿರಬೇಕು ಅನ್ನುವ ಒಂದೇ ಕಾರಣಕ್ಕೆ.

ಪುಸ್ತಕಕ್ಕೆ ಮೊದಲಿಂದ ಬರೆದೆ. ಚೈತ್ರಾಗೆ ನಲವತ್ತೈದು ಆಯಿತು. "ನಲವತ್ತೈದರ ನಾಯಕಿ, ಅದೂ ಕೊನೆಗೆ ಗುಣ ಆಗಲ್ಲ ಅಂದ್ರೆ, ಓಡಲ್ಲ ಮೇಡಂ" ಅಂದರು ಪ್ರಕಾಶಕರು. ಅಂದದ್ದು ಏನು ಅಂತ ಅವರಿಗೇ ಕೇಳಿಸಲಿಲ್ಲ. ಮುಂಗಡ ಅರ್ಧವಾಯಿತು. ಭಾನುವಾರ ಭಾನುವಾರ ಫೋನಿನಲ್ಲಿ ಮಂಜಕ್ಕನಿಗೆ ಒಂದೊಂದು ಅಧ್ಯಾಯ ಓದುತ್ತಿದ್ದೆ, ಹಿಂದಿನಿಂದ ಮಷಿನ್ ಸದ್ದು ಕೇಳಿಸುತ್ತಿತ್ತು. ಮೊದಲ ನಾಲ್ಕು ಅಧ್ಯಾಯದ ತುಂಬ ಕ್ಯಾಲಿಪರ್, ಬಕಲ್, ಬಸ್ಸಿನ ಮೆಟ್ಟಿಲು, ಪಾಸು. ಕಲಿತದ್ದನ್ನೆಲ್ಲ ಸುರಿದಿದ್ದೆ. ಮಷಿನ್ ನಿಂತಿತು. "ಮೇಡಂ, ನಾನ್ ದಿನಾ ಬೆಳಿಗ್ಗೆ ಎದ್ದು ಇದ್ನೇ ನೆನೆಸ್ಕಂಡು ಕೂತಿರ್ತೀನಾ? ಹುಡುಗ ಯಾವಾಗ ಬರ್ತಾನ್ರಿ?" ಎರಡು ಅಧ್ಯಾಯ ಕಿತ್ತು ಹಾಕಿದೆ. ಹುಡುಗ ಬಂದ. ಹುಡುಗನಲ್ಲ, ಐವತ್ತರ ವಿಧುರ, ಸ್ವಲ್ಪ ಹೊಟ್ಟೆ. ಅದಕ್ಕೂ ತಕರಾರು: "ಹೊಟ್ಟೆ ಯಾಕೆ? ಅಷ್ಟೊಂದು ನಿಜ ಬ್ಯಾಡ." ಹೊಟ್ಟೆ ಕರಗಿಸಿದೆ. ಚೈತ್ರಾ ಈಗ ಹಾಡುವುದಿಲ್ಲ, ಬೈಯುತ್ತಾಳೆ.

ಕೊನೆಗೆ ಮುಖಪುಟ ಬಂತು. ಕಲಾವಿದರು ಚೆಂದದ ಹೆಂಗಸನ್ನು ಬರೆದಿದ್ದರು. ಕಿಟಕಿಯ ಪಕ್ಕ ನಿಂತಿದ್ದಾಳೆ, ಸೀರೆಯ ಅಂಚು ನೆಲದವರೆಗೆ, ಪಾದ ಕಾಣುವುದಿಲ್ಲ. ಕ್ಯಾಲಿಪರ್ ಕಾಣಲಿ ಅಂದೆ. ಅದು ಹೇಗಿರುತ್ತೆ, ಒಂದು ಫೋಟೊ ಕಳಿಸಿ ಅಂದರು. ಮಂಜಕ್ಕನಿಗೆ ಹೇಳಿದೆ. ಹತ್ತು ನಿಮಿಷಕ್ಕೆ ವಾಟ್ಸ್ಆ್ಯಪ್‌ನಲ್ಲಿ ಬಂತು. ಗೋಡೆಗೆ ಎರಡು ಮೊಳೆ, ಎರಡು ಕ್ಯಾಲಿಪರ್. ಕೆಳಗೆ ಬರೆದಿದ್ದರು: "ಬಲಗಡೆದು ಈಗಿಂದು. ಎಡಗಡೆದು ನನ್ನ ತಮ್ಮ ಕಾಯ್ದಿದ್ದು. ಯಾವ್ದು ಬೇಕೋ ತಗಳ್ರಿ."