ಇನ್ನೂ 30 ಕುಚ್ಚು ಬಾಕಿ

ನನ್ನ ಕಿವಿಯಲ್ಲಿ ಇಬ್ಬರು ಮಾತಾಡುತ್ತಾರೆ. ಒಬ್ಬ ಗಂಡಸು, ಒಬ್ಬಳು ಮುದುಕಿ. 22ನೇ ವಯಸ್ಸಿಗೆ ಶುರುವಾದದ್ದು. ಈಗ ನನಗೆ 39.

ಅಮ್ಮ ಮೊದಲು ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ಆಮೇಲೆ ಆಸ್ಪತ್ರೆ. ಡಾಕ್ಟರು 'ಸ್ಕಿಜೋಫ್ರೇನಿಯಾ' ಅಂದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಇವಳ ಮದುವೆ?"

ಮೊದಲು ಕೊಟ್ಟ ಮಾತ್ರೆಗೆ ಕೈ ನಡುಗುತ್ತಿತ್ತು. ಸೂಜಿಗೆ ದಾರ ಪೋಣಿಸೋಕೂ ಆಗುತ್ತಿರಲಿಲ್ಲ. ಆಮೇಲೆ ಕ್ಲೋಜಪಿನ್ ಅನ್ನೋ ಬೇರೆ ಮಾತ್ರೆ ಶುರು ಮಾಡಿದರು. ಅದರಿಂದ ಬಿಳಿ ರಕ್ತಕಣ ಕಡಿಮೆಯಾಗಬಹುದು ಅಂತ ಮೊದಲ 18 ವಾರ ಪ್ರತಿ ವಾರ ರಕ್ತ ಪರೀಕ್ಷೆ. ಅಣ್ಣ ಒಂದು ವಾರವೂ ತಪ್ಪಿಸದೆ ಸ್ಕೂಟರಿನಲ್ಲಿ ಕರೆದುಕೊಂಡು ಹೋದ. ಈಗಲೂ ರಾತ್ರಿ ಜೊಲ್ಲು ಸುರಿದು ದಿಂಬು ಒದ್ದೆಯಾಗುತ್ತದೆ, ತೂಕ ಜಾಸ್ತಿಯಾಗಿದೆ. ಆದರೆ ಕೈ ನಡುಗುವುದು ನಿಂತಿತು.

ಆಗ ಅತ್ತಿಗೆ ಸೀರೆಗೆ ಕುಚ್ಚು ಕಟ್ಟುವುದನ್ನು ಕಲಿಸಿದರು. ಸೆರಗಿನ ಎಳೆಗಳನ್ನು ಸಮನಾಗಿ ಪಾಲು ಮಾಡಬೇಕು. ರೇಷ್ಮೆ ದಾರ ಸೇರಿಸಿ, ಗಂಟು ಬಿಗಿದು, ತುದಿ ಕತ್ತರಿಸಬೇಕು. ಒಂದು ಗಂಟು ಮೇಲೆ ಕೂತರೂ ಸಾಲು ಪೂರ್ತಿ ಕೆಡುತ್ತದೆ. ಮುದುಕಿ ಮಾತ್ರ "ಬಿಚ್ಚು, ಬಿಚ್ಚು" ಅನ್ನುತ್ತಲೇ ಇರುತ್ತಾಳೆ. ಒಂದು ಸಲ ಅವಳ ಮಾತು ಕೇಳಿ ಇಡೀ ಸೆರಗು ಬಿಚ್ಚಿಬಿಟ್ಟಿದ್ದೆ. ಈಗ ಬಾಯಿಬಿಟ್ಟು ಎಣಿಸುತ್ತೇನೆ. ಒಂದು, ಎರಡು, ಮೂರು. ನನ್ನ ದನಿ ನನಗೇ ಕೇಳುತ್ತಿದ್ದರೆ ಅವಳ ದನಿ ಸಣ್ಣದಾಗುತ್ತದೆ.

ದಾರ ತರೋಕೆ ಶಿವಮೊಗ್ಗದ ಗಾಂಧಿ ಬಜಾರಿಗೆ ಒಬ್ಬಳೇ ಹೋಗುತ್ತೇನೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಬಾಗಿಲು ಹಾಕಿಕೊಂಡು ಕೂತ ವರ್ಷಗಳಿದ್ದವು, ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು. ಅಂಗಡಿಯವರು ನನ್ನ ಮುಖ ನೋಡುವುದಿಲ್ಲ, ಬಣ್ಣ ಕೂಡುತ್ತಾ ಅಂತ ಸೀರೆ ನೋಡುತ್ತಾರೆ.

ಕಳೆದ ವಾರ ಒಬ್ಬರು ಮಗಳ ಧಾರೆ ಸೀರೆ ತಂದರು. ಕೊಟ್ಟ ಮೇಲೂ ಹೋಗಲಿಲ್ಲ. ಮಗ ಒಬ್ಬನೇ ಮಾತಾಡಿಕೊಳ್ಳುತ್ತಾನೆ, ಊಟದಲ್ಲಿ ವಿಷ ಹಾಕಿದ್ದಾರೆ ಅನ್ನುತ್ತಾನೆ ಅಂತ ಮೆಲ್ಲಗೆ ಹೇಳಿ ಕಣ್ಣೊರೆಸಿಕೊಂಡರು. ನಾನು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416 ಬರೆದುಕೊಟ್ಟೆ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಿ ಅಂದೆ. ಆಮೇಲೆ, ಯಾವ ಗಿರಾಕಿಗೂ ಹೇಳದಿದ್ದನ್ನು ಹೇಳಿದೆ. "ನಾನೂ ಇದಕ್ಕೇ ಮಾತ್ರೆ ತಗೋತೀನಿ ಅಕ್ಕಾ."

ಅವರು ನನ್ನ ಕೈಯನ್ನೇ ತುಂಬಾ ಹೊತ್ತು ನೋಡಿದರು. ಸೀರೆ ವಾಪಸ್ ಕೇಳುತ್ತಾರೆ ಅಂದುಕೊಂಡೆ.

"ಗುರುವಾರಕ್ಕೆ ಆಗುತ್ತೇನಮ್ಮಾ?" ಅಂದರು.

ಇವತ್ತು ಮಂಗಳವಾರ. ಇನ್ನೂ 30 ಕುಚ್ಚು ಬಾಕಿ ಇದೆ.