ಊಟದ ಕಾಲಂನಲ್ಲಿ ಟಿಕ್ ಇತ್ತು

ನಮ್ಮ ವೃದ್ಧಾಶ್ರಮದಲ್ಲಿ ಯಾವುದಕ್ಕೆ ಕೊರತೆ ಇದ್ದರೂ ರಿಜಿಸ್ಟರ್‌ಗೆ ಕೊರತೆ ಇಲ್ಲ. ಬಿಪಿ-ನಾಡಿ ಬರೆಯುವ ವೈಟಲ್ಸ್‌ಗೊಂದು, ಡೈಪರ್‌ಗೊಂದು, ಮಗ್ಗುಲು ಬದಲಿಸುವ ಪೊಸಿಷನ್‌ಗೊಂದು, ಊಟಕ್ಕೊಂದು. ಊಟದ್ದರಲ್ಲಿ ಪ್ರತಿ ಹೆಸರಿನ ಮುಂದೆ ನಾಷ್ಟಾ, ಮಧ್ಯಾಹ್ನ, ರಾತ್ರಿ ಅಂತ ಮೂರು ಕಾಲಂ. ಆಯಾ ತಾಟು ಇಟ್ಟು ಬಂದು ಟಿಕ್ ಹಾಕುತ್ತಾಳೆ. ಗಮನಿಸಿ, ತಾಟು ಇಟ್ಟು ಬಂದಾಗ. ಊಟ ಮುಗಿದ ಮೇಲೆ ಅಲ್ಲ. ಹೋದ ಶ್ರಾವಣದ ತನಕ ಇಲ್ಲಿನ ನರ್ಸ್ ಆದ ನನಗೂ ಇದರಲ್ಲಿ ಏನೂ ತಪ್ಪು ಕಂಡಿರಲಿಲ್ಲ.

ಕೊನೆ ರೂಮಿನ ಅಜ್ಜಿ ಹುಬ್ಬಳ್ಳಿಯಲ್ಲಿ ಸಾಲಿ ಕಲಿಸಿ ರಿಟೈರ್ ಆದವರು. ನಾವೆಲ್ಲ ಅಕ್ಕೋರು ಅಂತಲೇ ಕರೆಯುತ್ತೇವೆ. ನಮ್ಮ ಹ್ಯಾಂಡೋವರ್ ಪುಸ್ತಕ ಕೈಗೆ ಸಿಕ್ಕರೆ ಕೆಂಪು ಪೆನ್ನು ತಗೊಂಡು ಒತ್ತಕ್ಷರ ತಿದ್ದಿ ಕೊಡುತ್ತಾರೆ. ಕಸ ಗುಡಿಸುವ ಹುಡುಗನಿಗೂ 'ರೀ' ಹಚ್ಚಿಯೇ ಮಾತಾಡುವವರು.

ಅವರ ಕೆಳಗಿನ ಹಲ್ಲಿನ ಸೆಟ್ ಕಳೆದಿತ್ತು. ಊಟದ ನಡುವೆ ತೆಗೆದು ಕಾಗದದಲ್ಲಿ ಸುತ್ತಿ ತಾಟಿನ ಬದಿಗೆ ಇಟ್ಟಿದ್ದರು. ತಾಟಿನ ಜೊತೆ ಅದೂ ಮುಸುರಿ ಬಕೆಟ್‌ಗೆ ಹೋಯಿತು. 'ಮನೆಯವರಿಗೆ ತಿಳಿಸಲಾಗಿದೆ' ಅಂತ ಬರೆದೆವು. ಅದು ಮನೆಯವರ ಖರ್ಚು ಅಂತ ಮ್ಯಾನೇಜ್‌ಮೆಂಟ್ ಅಂದಿತು. ಮಗ ನೋಡೋಣ ಅಂದ. ಹಲ್ಲಿನ ವಿಷಯ ಅಲ್ಲಿಗೇ ನಿಂತಿತು.

ಅದೇ ಹೊತ್ತಿಗೆ ನಮ್ಮಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಗಳು ಕೆಲಸ ಬಿಟ್ಟಿದ್ದಳು. ಬಿಸಿ ರೊಟ್ಟಿ ಹೋಗಿ ರೊಟ್ಟಿ ಕೇಂದ್ರದ ಖಡಕ್ ರೊಟ್ಟಿ ಬಂತು. ತಿಂಗಳಿಟ್ಟರೂ ಕೆಡೋದಿಲ್ಲ, ಹಲ್ಲಿದ್ದವರಿಗೆ ರುಚಿಯೂ ಹೌದು. ಹಲ್ಲಿಲ್ಲದವರು ಸಾರಿನಲ್ಲಿ ನೆನೆಸಿ ತಿನ್ನಬೇಕು. ನಮ್ಮ ಸಾರು ಕೊನೆ ರೂಮಿಗೆ ಮುಟ್ಟೋದರೊಳಗೆ ಆರಿರುತ್ತದೆ. ಅನ್ನ ತಿನ್ನಲಿ ಅಂದರೆ, ಶುಗರ್ ಪೇಷಂಟ್ ಅಂತ ಡೈಟ್ ಚಾರ್ಟ್‌ನಲ್ಲಿ ಒಂದೇ ಸೌಟು. ಅಂದರೆ ಅಕ್ಕೋರು ಸರಿಯಾಗಿ ಉಣ್ಣುತ್ತಲೇ ಇರಲಿಲ್ಲ. ಶುಗರ್ ಇಳಿಸುವ ಗ್ಲಿಮಿಪಿರೈಡ್ ಗುಳಿಗೆ ಮಾತ್ರ ಒಂದು ನಿಮಿಷ ತಪ್ಪದೆ ಹೋಗುತ್ತಿತ್ತು. ಆ ಗುಳಿಗೆ ಹೊಟ್ಟೆ ತುಂಬಿದೆಯಾ ಖಾಲಿ ಇದೆಯಾ ಅಂತ ನೋಡೋದಿಲ್ಲ, ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಬರುವ ಡಾಕ್ಟರ್ ಚಾರ್ಟ್ ನೋಡುತ್ತಿದ್ದರು. ಚಾರ್ಟ್‌ನಲ್ಲಿ ಎಲ್ಲಾ ಟಿಕ್.

ಆ ದಿನ ಬರಬೇಕಿದ್ದ ಮಗ ಸಂಜೆ ಫೋನ್ ಮಾಡಿ ಮುಂದಿನ ವಾರ ಬರ್ತೀನಿ ಅಂದ. ನನ್ನದು ನೈಟ್ ಡ್ಯೂಟಿ. ಹತ್ತು ಗಂಟೆ ಹೊತ್ತಿಗೆ ಕೊನೆ ರೂಮಿನಿಂದ ಸ್ಟೀಲ್ ಲೋಟ ಬಿದ್ದ ಸಪ್ಪಳ. ಹೋಗಿ ನೋಡಿದರೆ ಅಕ್ಕೋರು ಹಾಸಿಗೆ ಮೇಲೆ ಕೂತು ಗೊಣಗುತ್ತಿದ್ದಾರೆ. ಏನಾಯ್ತ್ರಿ ಅಕ್ಕೋರ ಅಂದೆ. 'ಹೋಗಲೇ, ನಿನಗೇನ್ ಹೇಳೂದೈತಿ' ಅಂದರು.

ನನಗೆ 'ಲೇ' ಅಂದರು! ಅಕ್ಕೋರು! ಶುಗರ್ ತೀರಾ ಇಳಿದರೆ ಮನುಷ್ಯರ ಸ್ವಭಾವ ಹೀಗೆ ಬದಲಾಗೋದುಂಟು. ಆ ಒಂದು ಮಾತಿಗೇ ನಾನು ಗ್ಲುಕೋಮೀಟರ್ ತರಬೇಕಿತ್ತು. ಆದರೆ ನನ್ನ ತಲೆಯಲ್ಲಿ ಮಗನ ಫೋನ್ ಕೂತಿತ್ತು. ಪಾಪ, ಮಗನ ಮೇಲಿನ ಸಿಟ್ಟು, ಯಾರ ಮೇಲಾದರೂ ಹೋಗಲೇಬೇಕಲ್ಲ ಅಂದುಕೊಂಡೆ. ಆಯಾಗೆ 'ಸುಮ್ನಿರು, ಅತ್ತು ಹಗುರಾಗಲಿ' ಅಂತ ಬುದ್ಧಿ ಹೇಳಿ, ಲೈಟ್ ಆರಿಸಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಬಂದೆ. ವಯಸ್ಸಾದವರ ಮನಸ್ಸು ನನಗೆ ಎಷ್ಟು ಅರ್ಥ ಆಗ್ತದೆ ಅಂತ ಒಳಗೊಳಗೇ ಹೆಮ್ಮೆ ಬೇರೆ. ಆಮೇಲೆ ಬೇರೆ ರೂಮಿನಲ್ಲಿ ಬೆನ್ನು ಹುಣ್ಣಾಗದ ಹಾಗೆ ಮಾಡುವ ಬ್ಯಾಕ್ ಕೇರ್ ಮುಗಿಸಿ, ನಿಧಾನಕ್ಕೆ ಚಾರ್ಟ್ ಬರೆಯುತ್ತಾ ಕೂತೆ.

ನನ್ನ ಮಾತು ಕೇಳದೆ ಮತ್ತೆ ಹೋಗಿ ನೋಡಿದ್ದು ಆಯಾ. ಓಡಿ ಬಂದಳು. 'ಸಿಸ್ಟರ್, ಅಕ್ಕೋರ ಸೀರಿ ತೊಯ್ದೈತ್ರಿ. ಉಚ್ಚಿ ಅಲ್ರಿ, ಬೆವರು.'

ಧಾರವಾಡದ ಶ್ರಾವಣ. ಜಿಟಿಜಿಟಿ ಮಳೆ, ಎಲ್ಲರೂ ಚಾದರ ಹೊದ್ದು ಮಲಗಿದ್ದಾರೆ. ಅಂಥದ್ದರಲ್ಲಿ ಬೆವರು.

ಬೆರಳು ತಣ್ಣಗಾಗಿತ್ತು, ರಕ್ತ ಸರಿಯಾಗಿ ಬರಲಿಲ್ಲ. ಮೊದಲ ಸ್ಟ್ರಿಪ್ ಎರರ್. ಎರಡನೇದರಲ್ಲಿ ಜಿಆರ್‌ಬಿಎಸ್, ಅಂದರೆ ಬೆರಳಿನ ರಕ್ತದ ಶುಗರ್, 43. 70ರ ಕೆಳಗೆ ಬಂದರೇ ಲೋ. ಎಮರ್ಜೆನ್ಸಿ ಟ್ರೇ ತೆಗೆದರೆ ರಕ್ತನಾಳಕ್ಕೆ ಕೊಡುವ ಗ್ಲುಕೋಸ್, 25ಡಿ, ಖಾಲಿ. ಇಂಡೆಂಟ್ ಹೋಗಿತ್ತು, ಮಾಲು ಬಂದಿರಲಿಲ್ಲ. ಸಕ್ಕರೆ ತಾ ಅಂದೆ. ಸಕ್ಕರೆ ಸ್ಟೋರ್ ರೂಮಿನಲ್ಲಿ. ಚಹಾಪುಡಿ, ಸಕ್ಕರೆ ಕಳುವಾಗುತ್ತೆ ಅಂತ ಎಂಟು ಗಂಟೆಗೆ ಬೀಗ. ಕೀಲಿ ಮ್ಯಾನೇಜರ್ ಹತ್ತಿರ, ಮ್ಯಾನೇಜರ್ ಹುಬ್ಬಳ್ಳಿಯಲ್ಲಿ. ಅಷ್ಟು ಶುಗರ್ ಪೇಷಂಟ್‌ಗಳಿರುವ ಕಟ್ಟಡದಲ್ಲಿ ರಾತ್ರಿ ಒಂದು ಚಮಚ ಸಕ್ಕರೆ ಇಲ್ಲ. ಆಯಾ ಬೀಗ ಒಡೆಯಲು ಕಲ್ಲು ಹುಡುಕುತ್ತಿದ್ದಳು. ನಾನು 108ಕ್ಕೆ ಫೋನ್ ಹಚ್ಚಿದ್ದೆ. ಅಕ್ಕೋರ ಕಣ್ಣು ಮೇಲಕ್ಕೆ ತೇಲುತ್ತಿತ್ತು. ಪೂರ್ತಿ ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕುವಂತಿಲ್ಲ, ಶ್ವಾಸನಾಳಕ್ಕೆ ಹೋಗುತ್ತೆ.

ಅಷ್ಟರಲ್ಲಿ ಪಕ್ಕದ ಮಂಚದ ಅಜ್ಜಿ ಎದ್ದು ಕೂತರು. ಅಷ್ಟು ಹೊತ್ತೂ ನಿದ್ದೆ ಬಂದವರ ಹಾಗೆ ಮಲಗಿದ್ದವರು. ಟ್ರಂಕಿನೊಳಗೆ ಸೀರೆಗಳ ಅಡಿ ಕೈ ಹಾಕಿ ಪ್ಲಾಸ್ಟಿಕ್ ಚೀಲ ತೆಗೆದು, 'ಸಿಟ್ಟಾಗಬ್ಯಾಡ್ರಿ ಸಿಸ್ಟರ್' ಅಂದರು. ಜಾತ್ರೆಯ ಬತ್ತಾಸು. ಹಿಂದಿನ ಶನಿವಾರ ರೂಮ್ ಚೆಕಿಂಗ್‌ನಲ್ಲಿ ಅವರಿಂದ ಒಂದು ಚೀಲ ನಾನೇ ಕಸಿದುಕೊಂಡಿದ್ದೆ. ಇದು ಎರಡನೇದು.

ಬತ್ತಾಸು ಅಂದರೆ ಬರೀ ಸಕ್ಕರೆ, ನೀರಿಗೆ ಬಿದ್ದ ತಕ್ಷಣ ಕರಗುತ್ತೆ. ಅದೇ ಬಿದ್ದ ಲೋಟ ತೊಳೆದು ಒಂದು ಮುಷ್ಟಿ ಕಲಸಿದೆ. ಅಕ್ಕೋರನ್ನ ನೆಟ್ಟಗೆ ಕೂರಿಸಿ ಮೊದಲು ಬರೀ ನೀರು ಒಂದು ಚಮಚ. ಗಂಟಲು ಮೇಲೆ ಕೆಳಗೆ ಆಡಿತು, ನುಂಗಿದರು. ಆಮೇಲೆ ಬತ್ತಾಸಿನ ನೀರು. ಕೊಟ್ಟು ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು ಅನ್ನೋದು ನಿಯಮ. ಆ ಹದಿನೈದು ನಿಮಿಷ ಎಷ್ಟು ಉದ್ದ ಇರುತ್ತೆ ಅಂತ ಯಾವ ಟ್ರೇನಿಂಗ್‌ನಲ್ಲೂ ಹೇಳೋದಿಲ್ಲ. 61 ಬಂತು. ಮತ್ತೆ ಕೊಟ್ಟೆ. 88. ಅಕ್ಕೋರು ನನ್ನ ಮುಖ ನೋಡಿ 'ಲೈಟ್ ಯಾಕ್ ಆರಿಸಿದ್ರೀ?' ಅಂದರು.

ಹುಷಾರಾದರಲ್ಲ ಅಂತ ಬಿಡುವಂತಿಲ್ಲ. ವಯಸ್ಸಾದವರ ಕಿಡ್ನಿಯಿಂದ ಈ ಗುಳಿಗೆ ಬೇಗ ಹೊರಗೆ ಹೋಗೋದಿಲ್ಲ, ಶುಗರ್ ಮತ್ತೆ ಇಳಿಯುತ್ತೆ. ಆಸ್ಪತ್ರೆಯಲ್ಲಿ ಬೆಳಗಿನ ಜಾವ ಇಳಿಯಿತು ಕೂಡ. ಡ್ರಿಪ್ ಹಾಕಿ ಇಟ್ಟುಕೊಂಡಿದ್ದರು, ಪಾರಾದರು.

ಆಮೇಲೆ ಮೀಟಿಂಗ್. ಮ್ಯಾನೇಜ್‌ಮೆಂಟ್ ತೆಗೆದುಕೊಂಡ ಕ್ರಮ ಏನು ಗೊತ್ತಾ? ಊಟದ ರಿಜಿಸ್ಟರ್‌ಗೆ ಇನ್ನೊಂದು ಕಾಲಂ, 'ಮೇಲ್ವಿಚಾರಕರ ಸಹಿ'. ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ಪೋಷಣೆ ಅಂದರೆ ಏನು ಅಂತ ಹೇಳುವಾಗ ಮೊದಲು ಬರೋದೇ ಊಟ. ಇನ್‌ಸ್ಪೆಕ್ಷನ್‌ಗೆ ಬಂದವರು ಗೋಡೆ ಮೇಲಿನ ಮೆನು ಓದಿ ತಲೆ ಆಡಿಸುತ್ತಾರೆ. ವಾಪಸ್ ಬಂದ ತಾಟಿನಲ್ಲಿ ಏನು ಉಳಿದಿದೆ ಅಂತ ಒಬ್ಬರೂ ಕೇಳಿಲ್ಲ.

ಈಗ ನನ್ನ ಶಿಫ್ಟ್‌ನಲ್ಲಿ ಟಿಕ್ ಇಲ್ಲ. ಪೂರ್ತಿ, ಅರ್ಧ, ಇಟ್ಟ ಹಾಗೇ ಇದೆ, ಈ ಮೂರರಲ್ಲಿ ಒಂದು ಬರೆಯಬೇಕು, ಅದೂ ಮುಸುರಿ ಬಕೆಟ್ ಹತ್ತಿರ ನಿಂತು. ಉಣ್ಣದವರಿಗೆ ಶುಗರ್ ಗುಳಿಗೆ ಕೊಡುವ ಮೊದಲು ಡಾಕ್ಟರ್‌ಗೆ ಫೋನ್. ಅದಕ್ಕೆ ಗುಳಿಗೆ ಗಾಡಿ ಊಟದ ಗಾಡಿಯ ಮುಂದೆ ಹೋಗೋದನ್ನ ನಿಲ್ಲಿಸಿದ್ದೇನೆ. ಯಾರಾದರೂ ಇದ್ದಕ್ಕಿದ್ದಂತೆ ಬೈದರೆ, ಮಂಕಾದರೆ, ಮೊದಲು ಜಿಆರ್‌ಬಿಎಸ್, ಜ್ವರ, ಉರಿಮೂತ್ರ ಇದೆಯಾ ಅಂತ ವಿಚಾರಣೆ. ಮೂತ್ರದ ಇನ್ಫೆಕ್ಷನ್‌ನಿಂದಲೂ ಈ ವಯಸ್ಸಿನಲ್ಲಿ ಜ್ವರವೇ ಇಲ್ಲದೆ ತಲೆ ಗಲಿಬಿಲಿ ಆಗುತ್ತೆ. ಮಗನ ಮೇಲಿನ ಸಿಟ್ಟನ್ನ ಕೊನೆಗೆ ನೋಡಿದರಾಯ್ತು.

ತಿಂಗಳ ತೂಕ ನೋಡಿದ್ದರೆ ಎಷ್ಟೋ ಮೊದಲೇ ಗೊತ್ತಾಗುತ್ತಿತ್ತು. ತೂಕದ ಮಷೀನ್‌ನ ಸೆಲ್ ಹೋಗಿತ್ತು. ಈಗ ನಾನೇ ತಂದು ಹಾಕಿದ್ದೇನೆ, ಬಿಲ್ ಪಾಸಾಗಿಲ್ಲ. ಡ್ಯೂಟಿ ರೂಮಿನಲ್ಲಿ ಸಕ್ಕರೆ ಡಬ್ಬಿ ಇದೆ, 'ಚಹಾಕ್ಕೆ ಅಲ್ಲ' ಅಂತ ಚೀಟಿ ಹಚ್ಚಿದ್ದೇವೆ. ಆದರೂ ಕಡಿಮೆ ಆಗುತ್ತಲೇ ಇರುತ್ತೆ, ಅದು ಬೇರೆ ಕಥೆ. ಹಲ್ಲಿನ ಅಳತೆ ಕೊಟ್ಟು ಬಂದಿದ್ದೇವೆ. ಸೆಟ್ ಬರುವ ತನಕ ಅಕ್ಕೋರಿಗೆ ರಾತ್ರಿ ಜೋಳದ ನುಚ್ಚು, ಮಜ್ಜಿಗೆ. ಬಿಸಿ ರೊಟ್ಟಿ ಬಡಿಯಲು ಒಬ್ಬರನ್ನ ಇಟ್ಟುಕೊಳ್ಳಿ ಅಂತ ಕೊಟ್ಟ ಅರ್ಜಿ ಟ್ರಸ್ಟಿಗಳ ಟೇಬಲ್ ಮೇಲಿದೆ. ಖಡಕ್ ರೊಟ್ಟಿಯ ಹಳೇ ಸ್ಟಾಕ್ ಮುಗಿಯಲಿ ಅಂತಿದ್ದಾರೆ.