9 ಚಾನೆಲ್‌ಗೆ ಆಡಿಯೋ ಇಂಟರ್‌ಫೇಸ್: ಈವರೆಗೆ ತೀರ್ಮಾನವಾದದ್ದು

ಇಡೀ ಬ್ಯಾಂಡನ್ನು ಮನೆಯ ಕೋಣೆಯಲ್ಲೇ ಒಟ್ಟಿಗೆ ರೆಕಾರ್ಡ್ ಮಾಡುವ ಕೆಲಸ ಇಂಟರ್‌ಫೇಸ್ (ಮೈಕ್, ವಾದ್ಯಗಳ ಸದ್ದನ್ನು ಕಂಪ್ಯೂಟರ್‌ಗೆ ಒಯ್ಯುವ ಪೆಟ್ಟಿಗೆ) ಆಯ್ಕೆಯ ಹಂತಕ್ಕೆ ಬಂದಿದೆ. ಮೊದಲು ಎಣಿಕೆ ಮುಗಿಸಿದೆವು. ಡ್ರಮ್ಸ್‌ಗೆ ಕಿಕ್ 1, ಸ್ನೇರ್ 1, ಮೇಲಿನಿಂದ ಹಿಡಿಯುವ ಓವರ್‌ಹೆಡ್ 2; ಬೇಸ್ ನೇರವಾಗಿ 1, ಗಿಟಾರ್ ಆಂಪ್‌ಗೆ ಮೈಕ್ 1, ಗಾಯನ 1, ಕೀಬೋರ್ಡ್ ಸ್ಟೀರಿಯೋ 2. ಒಟ್ಟು 9.

ಡಬ್ಬದ ಮೇಲಿನ '18 ಇನ್' ನೋಡಿ ಧಾರಾಳವಾಯಿತು ಎಂದುಕೊಳ್ಳಬಾರದು. ಬೆಹ್ರಿಂಗರ್ ಯುಎಂಸಿ1820ರಲ್ಲಿ ಮೈಕ್ ಸಿಕ್ಕಿಸಬಹುದಾದವು 8 ಮಾತ್ರ. ಉಳಿದ ಹತ್ತರಲ್ಲಿ 8 ಎಡಾಟ್ (ಒಂದೇ ಆಪ್ಟಿಕಲ್ ಕೇಬಲ್‌ನಲ್ಲಿ ಹಲವು ಚಾನೆಲ್ ಒಯ್ಯುವ ಡಿಜಿಟಲ್ ಜೋಡಣೆ) ಮೂಲಕ, 2 ಎಸ್‌ಪಿಡಿಫ್ ಎಂಬ ಎರಡು ಚಾನೆಲ್‌ನ ಡಿಜಿಟಲ್ ಜೋಡಣೆ ಮೂಲಕ ಬರುವ ಚಾನೆಲ್‌ಗಳು. ಅಂದರೆ ನಮಗೆ ಒಂದು ಕಡಿಮೆ. ಕೀಬೋರ್ಡನ್ನು ಮಿಡಿಯಾಗಿ, ಅಂದರೆ ಸದ್ದಿನ ಬದಲು ಯಾವ ಕೀ ಒತ್ತಿದರೆಂಬ ಮಾಹಿತಿಯಾಗಿ, ಹಿಡಿದರೆ ಲೆಕ್ಕ 7ಕ್ಕೆ ಇಳಿಯುತ್ತದೆ. ಸದ್ಯಕ್ಕೆ ಹಾಗೇ. ಆದರೆ ಎಡಾಟ್ ಇನ್‌ಪುಟ್ ಇಲ್ಲದ ಮಾದರಿಗಳನ್ನು ಪಟ್ಟಿಯಿಂದ ತೆಗೆದಿದ್ದೇವೆ, ಮುಂದೆ ಬೆಳೆಯುವ ದಾರಿ ಅದೊಂದೇ. ಎರಡು ಚಿಕ್ಕ ಇಂಟರ್‌ಫೇಸ್ ಸೇರಿಸಿ ಬಳಸುವುದು ವಿಂಡೋಸ್‌ನಲ್ಲಿ ತಲೆನೋವು: ಸಾಮಾನ್ಯವಾಗಿ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಂದು ಸಲಕ್ಕೆ ಒಂದೇ ಎಎಸ್‌ಐಓ ಡ್ರೈವರ್ (ಇಂಟರ್‌ಫೇಸ್ ಜತೆ ಮಾತಾಡುವ ತಂತ್ರಾಂಶ) ಹಿಡಿಯುತ್ತದೆ.

ಎಡಾಟ್‌ನಲ್ಲಿ ಎಡವುವ ಜಾಗ ಕ್ಲಾಕ್, ಅಂದರೆ ಸ್ಯಾಂಪಲ್‌ಗಳ (ಸದ್ದಿನ ಒಂದೊಂದು ಡಿಜಿಟಲ್ ಅಳತೆ) ವೇಗ ನಿಗದಿಮಾಡುವ ಗಡಿಯಾರ. 8 ಚಾನೆಲ್ ಪ್ರೀಆಂಪ್ (ಮೈಕ್‌ನ ಸಣ್ಣ ಸಂಕೇತವನ್ನು ಹಿಗ್ಗಿಸುವ ಸಾಧನ) ಒಂದನ್ನು ಆಪ್ಟಿಕಲ್ ಕೇಬಲ್‌ನಿಂದ ಜೋಡಿಸಿ, ಎರಡೂ ಪೆಟ್ಟಿಗೆಗಳನ್ನು ತಮ್ಮದೇ ಕ್ಲಾಕ್‌ನಲ್ಲಿ ಬಿಟ್ಟರೆ ಎರಡರಲ್ಲೂ 48 ಕಿಲೋಹರ್ಟ್ಸ್ ಎಂದೇ ತೋರಿಸುತ್ತದೆ, ರೆಕಾರ್ಡಿಂಗ್‌ನಲ್ಲಿ ಮಾತ್ರ ಆಗಾಗ 'ಟಿಕ್' ಎನ್ನುತ್ತದೆ. ಹತ್ತು ಲಕ್ಷಕ್ಕೆ 20 ಭಾಗದಷ್ಟು ವ್ಯತ್ಯಾಸವಿದ್ದರೂ ಹೆಚ್ಚುಕಡಿಮೆ ಸೆಕೆಂಡಿಗೆ ಒಂದು ಸ್ಯಾಂಪಲ್ ಜಾರುತ್ತದೆ. ಸದ್ದು ಬರುವುದು ಆ ಜಾರಿದ ಜಾಗದಲ್ಲಿ. ಕೇಬಲ್ ಬದಲಿಸಿ ಪ್ರಯೋಜನವಿಲ್ಲ. ಪ್ರೀಆಂಪನ್ನು ಮಾಸ್ಟರ್ ಮಾಡಿ, ಇಂಟರ್‌ಫೇಸಿನ ಕ್ಲಾಕ್ ಸೋರ್ಸನ್ನು ಎಡಾಟ್‌ಗೆ ಇಡಬೇಕು. 96 ಕಿಲೋಹರ್ಟ್ಸ್‌ಗೆ ಹೋದರೆ ಅದೇ ಕೇಬಲ್‌ನಲ್ಲಿ ನಾಲ್ಕೇ ಚಾನೆಲ್, ಹಾಗಾಗಿ 48ರಲ್ಲೇ ಇರುತ್ತೇವೆ. ಇನ್ನೊಂದು: ಎಡಾಟ್‌ನಿಂದ ಬರುವ ಚಾನೆಲ್‌ಗಳು ನೇರ ಇನ್‌ಪುಟ್‌ಗಿಂತ ಕೆಲವು ಸ್ಯಾಂಪಲ್ ತಡವಾಗಿ ಬರಬಹುದು. ಆದ್ದರಿಂದ ಡ್ರಮ್ಸ್‌ನ ನಾಲ್ಕೂ ಮೈಕ್ ಒಂದೇ ಪೆಟ್ಟಿಗೆಯಲ್ಲಿರಬೇಕು. ಓವರ್‌ಹೆಡ್ ಜೋಡಿಯನ್ನು ಹಂಚಿಬಿಟ್ಟರೆ ಸ್ಟೀರಿಯೋ ಚಿತ್ರವೇ ಒಂದು ಕಡೆಗೆ ವಾಲುತ್ತದೆ.

ಬೇಸ್ ಗಿಟಾರ್‌ಗೆ 1 ಮೆಗಾಓಮ್ ಆಸುಪಾಸಿನ ಇನ್‌ಸ್ಟ್ರುಮೆಂಟ್ ಇನ್‌ಪುಟ್ ಬೇಕು. ಬಹುತೇಕ ಮಾದರಿಗಳಲ್ಲಿ ಅದು ಮೊದಲ ಎರಡಕ್ಕಷ್ಟೇ ಇರುತ್ತದೆ. ಲೈನ್ ಇನ್‌ಪುಟ್‌ಗೆ ಸಿಕ್ಕಿಸಿದರೆ ಮೇಲಿನ ಸ್ವರಗಳ ಹೊಳಪು ಸತ್ತೇ ಹೋಗುತ್ತದೆ.

ಗಾಯನಕ್ಕೆ ಶೂರ್ ಎಸ್‌ಎಂ7ಬಿಯಂಥ ಕಡಿಮೆ ಔಟ್‌ಪುಟ್‌ನ ಡೈನಮಿಕ್ ಮೈಕ್ ಬಳಸುವುದಾದರೆ 60 ಡಿಬಿ ಶುದ್ಧ ಗೇನ್ (ಸಂಕೇತ ಹಿಗ್ಗಿಸುವ ಪ್ರಮಾಣ) ಇರಲೇಬೇಕು. ಫ್ಯಾಂಟಮ್ ಪವರ್‌ಗೆ (ಕೆಲವು ಮೈಕ್‌ಗಳಿಗೆ ಕೇಬಲ್ ಮೂಲಕವೇ ಕೊಡುವ ವಿದ್ಯುತ್) ಅನೇಕ ಕಡೆ ನಾಲ್ಕು ನಾಲ್ಕು ಚಾನೆಲ್‌ಗೆ ಒಂದೇ ಸ್ವಿಚ್. ಸರಿಯಾಗಿ ವೈರ್ ಮಾಡಿದ ಎಕ್ಸ್‌ಎಲ್‌ಆರ್ ಕೇಬಲ್ ಇದ್ದರೆ ಡೈನಮಿಕ್ ಮೈಕ್‌ಗೆ ತೊಂದರೆಯಿಲ್ಲ. ಹಳೆಯ ರಿಬ್ಬನ್ ಮೈಕನ್ನು ಮಾತ್ರ ಆ ಗುಂಪಿನಿಂದ ದೂರವಿಡಿ.

ಯುಎಸ್‌ಬಿ 3 ಬೇಕೇ? ಬೇಡ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ 18 ಚಾನೆಲ್ ಎಂದರೆ ಸೆಕೆಂಡಿಗೆ ಸುಮಾರು 21 ಮೆಗಾಬಿಟ್. ಯುಎಸ್‌ಬಿ 2ರ ಮಿತಿ 480. ಅದರಲ್ಲಿ ಸಾಲದೆ ಬರುವುದು ವಿದ್ಯುತ್: 5 ವೋಲ್ಟ್, 500 ಮಿಲಿಆಂಪ್, ಒಟ್ಟು 2.5 ವಾಟ್. ಎಂಟು ಪ್ರೀಆಂಪ್‌ಗೆ ಅಷ್ಟು ಏನೇನೂ ಸಾಲದು, ಪ್ರತ್ಯೇಕ ಅಡಾಪ್ಟರ್ ಇರುವುದನ್ನೇ ನೋಡಬೇಕು.

ಮುಂದಿನ ಕೆಲಸ ಲೇಟೆನ್ಸಿ, ಅಂದರೆ ಸದ್ದು ಕಂಪ್ಯೂಟರ್ ಹೊಕ್ಕು ಹೊರಬರುವ ವಿಳಂಬ, ಅಳೆಯುವುದು. 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಹಾಕುವ ಸ್ಯಾಂಪಲ್‌ಗಳು) ಎಂದರೆ ಒಂದು ದಿಕ್ಕಿಗೆ 2.67 ಮಿಲಿಸೆಕೆಂಡ್. ಕನ್ವರ್ಟರ್ ಮತ್ತು ಡ್ರೈವರ್ ಸೇರಿಸುವ ವಿಳಂಬ ಇದರಲ್ಲಿಲ್ಲ. ಲೈನ್ ಔಟ್‌ನಿಂದ ಲೈನ್ ಇನ್‌ಗೆ ಟಿಆರ್‌ಎಸ್ ಕೇಬಲ್ ಹಾಕಿ, ಆ ಟ್ರ್ಯಾಕಿನ ಮಾನಿಟರಿಂಗ್ ಆಫ್ ಮಾಡಿ (ಮರೆತರೆ ಸ್ಪೀಕರ್ ಕಿರುಚುತ್ತದೆ), ಒಂದು ಕ್ಲಿಕ್ ಕಳಿಸಿ ರೆಕಾರ್ಡ್ ಮಾಡಬೇಕು. ಸಾಫ್ಟ್‌ವೇರ್ ತಾನೇ ಸರಿದೂಗಿಸಿದ ಮೇಲೂ ಕಳಿಸಿದ ಕ್ಲಿಕ್ ಮತ್ತು ರೆಕಾರ್ಡ್ ಆದ ಕ್ಲಿಕ್ ನಡುವೆ ಉಳಿಯುವ ಅಂತರ ಡ್ರೈವರ್ ತಪ್ಪು ಹೇಳಿದಷ್ಟು. ಆ ಸಂಖ್ಯೆಯನ್ನು ರೆಕಾರ್ಡಿಂಗ್ ಆಫ್‌ಸೆಟ್‌ಗೆ ತುಂಬಿ ಇನ್ನೊಮ್ಮೆ ಅಳೆಯಬೇಕು. ಬಫರ್ 64, 128, 256 ಮೂರರಲ್ಲೂ.